ದೊಡ್ಡಪ್ಪನ ಜಗಳೂರು ಸವಾರಿ

ನಮ್ಮ ಪಕ್ಕದ ಮನೆಯ ಭೀಮೇಶನ ಕಾರಿಗೆ ಅರವತ್ತು ದಾಟಿದೆ. ಅದನ್ನು ತಯಾರಿಸಿದ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ವಯಸ್ಸಾದವರ ಮನೆತನ ಕೆದಕುವುದು ಮರ್ಯಾದೆಯಲ್ಲ. ಭೀಮೇಶ ಚನ್ನಗಿರಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನ್ಯಾಮತಿಯಲ್ಲಿ ಹಳೆಯ ಡಾಕ್ಟರೊಬ್ಬರು ಮನೆ ಖಾಲಿ ಮಾಡುತ್ತಿದ್ದಾರೆಂದು ಕೇಳಿ ಒಂದು ಪುಸ್ತಕದ ಬೀರು ತರಲು ಹೋದವನು, ಬೀರು ಮರೆತು ಈ ಕಾರನ್ನು ತಂದ. ಡಾಕ್ಟರ ಹಿತ್ತಲಿನಲ್ಲಿ ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಅವುಗಳನ್ನು ಒಕ್ಕಲೆಬ್ಬಿಸಿ, ತಾನೇ ಬ್ರಷ್ಷು ಹಿಡಿದು ಬೆಣ್ಣೆ ಬಣ್ಣ ಬಳಿದು, 'ದೊಡ್ಡಪ್ಪ' ಎಂದು ಹೆಸರಿಟ್ಟ. ಅಂದಿನಿಂದ ಆ ಮನೆಯಲ್ಲಿ ಕಾರಿಗೆ ಬಹುವಚನವೇ. "ದೊಡ್ಡಪ್ಪಾರಿಗೆ ನೀರು ಹಾಕಿದ್ರೇನ್ರಿ?" ಎಂದು ಅವನ ಹೆಂಡತಿ ಅಂಬಿಕಾ ಬೆಳಿಗ್ಗೆ ಕೂಗಿದರೆ, ಬೀದಿಗೆ ಹೊಸದಾಗಿ ಬಂದವರು ಒಳಗೆ ಯಾರೋ ಹಿರಿಯರು ಹಾಸಿಗೆ ಹಿಡಿದಿದ್ದಾರೆ ಅಂದುಕೊಳ್ಳುತ್ತಾರೆ.

ದೊಡ್ಡಪ್ಪನದು ನೇರ ಸ್ವಭಾವ. ಎಂಜಿನ್ ಒಮ್ಮೆ ಆರಿತೆಂದರೆ ಕೀಲಿಕೈಗೆ ಬಗ್ಗುವುದಿಲ್ಲ, ತಳ್ಳಬೇಕು. ಆ ಕಾರಿನಲ್ಲಿ ಕೂರುವವರು, ತಳ್ಳುವವರು ಎಂಬ ಭೇದವಿಲ್ಲ. ಹಾರ್ನು ಎಡಕ್ಕೆ ತಿರುಗುವಾಗ ಮಾತ್ರ ಕೂಗುತ್ತದೆ. ಹೀಗಾಗಿ ರಸ್ತೆಯ ಎಡಬದಿಯಲ್ಲಿ ಹೋಗುವವರನ್ನು ಎಚ್ಚರಿಸಬೇಕಾದರೆ ಭೀಮೇಶ ಕಾರನ್ನು ಅವರ ಕಡೆಗೇ ತಿರುಗಿಸಬೇಕು. ಚನ್ನಗಿರಿಯ ಜನ ಇದಕ್ಕೆ ಹೊಂದಿಕೊಂಡಿದ್ದಾರೆ.

ಎಲ್ಲ ಶುರುವಾದದ್ದು ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ. ಗುಜರಿ ವ್ಯಾಪಾರದ ಇಲಿಯಾಸ್ ಬಂದು ದೊಡ್ಡಪ್ಪನ ಬಾನೆಟ್ಟನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದ. ಕಲ್ಲಂಗಡಿ ಆರಿಸುವವರ ಹಾಗೆ ಎರಡು ಮೂರು ಕಡೆ ತಟ್ಟಿ ತಲೆದೂಗಿದ.

"ಮೇಷ್ಟ್ರೇ, ಕಬ್ಬಿಣ ಗಟ್ಟಿ ಐತೆ. ಈಗಿನ ಕಾರಿಗೆ ಇಂಥ ಕಬ್ಬಿಣ ಹಾಕಲ್ಲ. ಕೊಟ್ಟುಬಿಡ್ರಿ."

ಅಂಗಡಿಯಲ್ಲಿ ಊರಿನ ಅರ್ಧ ಜನ ಇದ್ದರು. ಭೀಮೇಶನಿಗೆ ಅವಮಾನವಾಯಿತು. ಟೀ ಲೋಟ ಕೆಳಗಿಟ್ಟು, "ಇದು ವಿಂಟೇಜ್ ಕಾರು ಇಲಿಯಾಸ್. ಸಿನಿಮಾದೋರು ಕೇಳ್ಯಾರೆ. ಹಳೇ ಕಾಲದ ಕಥೆಗೆ ಬೇಕಂತೆ," ಅಂದ.

ಸಿನಿಮಾದವರು ಅವನನ್ನು ಕೇಳುವುದಿರಲಿ, ಚನ್ನಗಿರಿ ಎಲ್ಲಿದೆ ಎಂದೂ ಯಾರನ್ನೂ ಕೇಳಿರಲಿಲ್ಲ. ಆದರೆ ಸಂಜೆಯೊಳಗೆ ಸುದ್ದಿ ಊರು ತುಂಬಿತು. ಮರುದಿನ ಹೆಡ್‌ಮಾಸ್ಟರು ಭೀಮೇಶನನ್ನು ಕೋಣೆಗೆ ಕರೆಸಿ ಬಾಗಿಲು ಮುಂದೆ ಮಾಡಿದರು. "ಕಥೆಯಾಗೆ ಹೆಡ್‌ಮಾಸ್ಟರ್ ಪಾತ್ರ ಏನಾದ್ರೂ ಇದ್ರೆ ನೆನಪಿಟ್ಕೊಳ್ರಿ ಭೀಮೇಶ್. ಡ್ರೆಸ್ಸು ನಾನೇ ತರ್ತೀನಿ." ಎದುರು ಮನೆಯ ಸಾವಂತ್ರಮ್ಮ ತನ್ನ ಮನೆಯ ಮುಂಗೋಡೆಗೆ ಮಾತ್ರ ಸುಣ್ಣ ಹೊಡೆಸಿದಳು. ಉಳಿದ ಮೂರು ಗೋಡೆ ಸಿನಿಮಾದಲ್ಲಿ ಕಾಣುವುದಿಲ್ಲ ಎಂಬುದು ಆಕೆಯ ಲೆಕ್ಕ. ಭೀಮೇಶ ನಿಜ ಹೇಳಬೇಕೆಂದು ಎರಡು ಸಲ ಬಾಯಿ ತೆರೆದನಂತೆ. ಎರಡು ಸಲವೂ ಯಾರೋ ಅದರಲ್ಲಿ ಸಿಹಿ ಇಟ್ಟರಂತೆ.

ಅಷ್ಟರಲ್ಲಿ ಅಂಬಿಕಾಳ ತಂಗಿ ಸಂಘಮಿತ್ರಾಳ ಮದುವೆ ಗೊತ್ತಾಯಿತು. ತವರು ತ್ಯಾವಣಿಗೆ, ಗಂಡಿನ ಊರು ಜಗಳೂರು, ಮದುವೆಯೂ ಅಲ್ಲೇ. ತ್ಯಾವಣಿಗೆಯ ಆ ಮನೆಯಲ್ಲಿ ಕೊನೆಯ ಮಾತು ಭೀಮೇಶನ ಅತ್ತೆ ಗಿಡ್ಡಮ್ಮನದು. ಹೆಣ್ಣನ್ನು ಯಾರ ಕಾರಿನಲ್ಲಿ ಕರೆದೊಯ್ಯುವುದು ಎಂದು ತೀರ್ಮಾನಿಸಲು ಆಕೆ ಇಬ್ಬರು ಅಳಿಯಂದಿರನ್ನೂ ಕರೆಸಿದಳು. ನಾನೂ ಹೋದೆ. ದೊಡ್ಡಪ್ಪ ಹೊರಟನೆಂದರೆ ಪಕ್ಕದ ಮನೆಯವನು ಜೊತೆಗಿರಬೇಕು ಎಂಬುದು ಯಾರೂ ಹೇಳದೆಯೇ ಆಗಿಹೋದ ಕಾಯಿದೆ.

ದೊಡ್ಡಳಿಯ ರವಿಕುಮಾರ, ಅಂದರೆ ಅಂಬಿಕಾಳ ಅಕ್ಕ ಪುಷ್ಪಾಳ ಗಂಡ, ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಆಗತಾನೇ ಹೊಸ ಕಾರು ಕೊಂಡಿದ್ದ. ಅದು ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಏನು ಹೇಳಿದರೂ ರವಿಕುಮಾರ "ಯೆಸ್" ಅನ್ನುತ್ತಿದ್ದ. ಎರಡು ಕಾರುಗಳನ್ನೂ ಮನೆಯ ಮುಂದೆ ಅಕ್ಕಪಕ್ಕ ನಿಲ್ಲಿಸಿ ಹೋಲಿಕೆ ಆರಂಭವಾಯಿತು.

"ನೋಡು ಭೀಮೇಶಿ, ನಾಕು ಕಡೆ ಕ್ಯಾಮೆರಾ ಅದಾವೆ. ಇರುವೆ ಅಡ್ಡ ಬಂದ್ರೂ ಇದಕ್ಕೆ ಗೊತ್ತಾಗ್ತೈತೆ. ನಾನು ಬ್ರೇಕ್ ಮರೆತ್ರೂ ತಾನೇ ಹಾಕ್ಕೊಂತೈತೆ. ನಿಂದು ಹೆಂಗೆ?"

"ನಮ್ದು ನಾನು ಬ್ರೇಕ್ ಹಾಕಿದ್ರೂ ಒಂದೀಟು ಯೋಚನೆ ಮಾಡಿ ನಿಲ್ತೈತೆ ಅಣ್ಣ."

"ಇದರ ಸೀಟು ತಣ್ಣಗಾಗ್ತೈತೆ."

"ದೊಡ್ಡಪ್ಪಾರನ್ನ ನೆರಳಾಗೆ ನಿಲ್ಸಿದ್ರೆ ಅವರೂ ತಣ್ಣಗೆ ಇರ್ತಾರೆ."

"ಇದರ ಮ್ಯಾಲ್ಛಾವಣಿ ತೆಗೀತೈತೆ. ಆಕಾಶ ಕಾಣ್ತೈತೆ."

"ನಮ್ದು ಕಾಲಡಿ ರಸ್ತೆ ಕಾಣ್ತೈತೆ," ಅಂದ ಭೀಮೇಶ. ಅದು ನಿಜ. ಬಲಗಡೆ ಕೂತರೆ ರಸ್ತೆಯ ಬಿಳಿ ಪಟ್ಟೆಯನ್ನೂ ನೋಡಬಹುದು.

ಗಿಡ್ಡಮ್ಮ ಎರಡೂ ಕಾರುಗಳನ್ನು ಸುತ್ತಿ ಬಂದು ತೀರ್ಪು ಕೊಟ್ಟಳು. ಹೆಣ್ಣು ಹೊಸ ಕಾರಿನಲ್ಲಿ. ದೊಡ್ಡಪ್ಪನಲ್ಲಿ ಚಾಪೆ, ಕೊಳಗ ಮತ್ತು ಚನ್ನಗಿರಿಯವರು. ಅಂಬಿಕಾಳ ಮುಖ ಸಣ್ಣದಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಪುಷ್ಪಾ ಒಂದು ಮಾತು ಸೇರಿಸಿದಳು. "ದಾರ್ಯಾಗೆ ಕೆಟ್ಟು ನಿಂತ್ರೆ ಬೀಗರ ಮುಂದೆ ನಮ್ಮ ಮಾನ ಹೋಗ್ತೈತೆ ಅಂಬೀ. ಅದನ್ನ ಗುಜರಿಗೆ ಹಾಕಿ ಬಸ್ಸಿಗೆ ಬಂದುಬಿಡ್ರಿ."

ಭೀಮೇಶ ಎದ್ದು ನಿಂತ. "ಅತ್ತೆ, ಎಲ್ಲರ ಮುಂದೆ ಹೇಳ್ತೀನಿ. ಜಗಳೂರು ಮುಟ್ಟೋದ್ರೊಳಗೆ ದೊಡ್ಡಪ್ಪ ದಾರ್ಯಾಗೆ ನಿಂತ್ರೆ, ನಿಂತ ಜಾಗದಾಗೇ ಇಲಿಯಾಸಂಗೆ ಕೊಟ್ಟುಬಿಡ್ತೀನಿ."

ಮೇಷ್ಟ್ರ ಮಾತು ತ್ಯಾವಣಿಗೆಯಿಂದ ಚನ್ನಗಿರಿಗೆ ನಮಗಿಂತ ಮೊದಲೇ ತಲುಪಿತ್ತು. ನಾವು ವಾಪಸ್ಸು ಬಂದಾಗ ಇಲಿಯಾಸ್ ತನ್ನ ಲಗೇಜ್ ಆಟೋದ ಟೈರಿಗೆ ಗಾಳಿ ಹಿಡಿಸುತ್ತಿದ್ದ.

ಮದುವೆಯ ದಿನ ಬೆಳಿಗ್ಗೆ ತ್ಯಾವಣಿಗೆಯಿಂದ ಮೆರವಣಿಗೆ ಹೊರಟಿತು. ಮುಂದೆ ಹೊಸ ಕಾರು. ಅದರಲ್ಲಿ ರವಿಕುಮಾರ, ಪುಷ್ಪಾ, ಗಿಡ್ಡಮ್ಮ, ಮತ್ತು ಬೌದ್ಧ ಪದ್ಧತಿಯಂತೆ ಬಿಳಿ ಸೀರೆಯುಟ್ಟ ಮದುಮಗಳು ಸಂಘಮಿತ್ರಾ. ಹಿಂದೆ ದೊಡ್ಡಪ್ಪ. ಅದರಲ್ಲಿ ಭೀಮೇಶ, ಅಂಬಿಕಾ, ನಾನು ಮತ್ತು ಕೊಳಗ. ಅದರ ಹಿಂದೆ ಇಲಿಯಾಸನ ಖಾಲಿ ಲಗೇಜ್ ಆಟೋ, ಒಂದು ದಪ್ಪ ಹಗ್ಗ ಹೊತ್ತು. ಸಾವಿನ ಮನೆಯಲ್ಲಿ ಮಾವಿನ ತೋಪಿನ ವಿಚಾರ ಎತ್ತದೆ ಕೂರುವ ದಾಯಾದಿಯ ಹಾಗೆ ಅವನು ಬಹಳ ಮರ್ಯಾದೆಯಿಂದ ದೂರ ಕಾಪಾಡಿಕೊಂಡು ಬರುತ್ತಿದ್ದ.

ಆ ದಿನ ಎಲ್ಲರಿಗೂ ಒಂದೇ ಚಿಂತೆ, ಭಂತೇಜಿಯ ಊಟ. ಮದುವೆ ನಡೆಸಿಕೊಡಲು ಬರುವ ಬೌದ್ಧ ಭಿಕ್ಷು ಭಂತೇಜಿ ಮಧ್ಯಾಹ್ನ ಹನ್ನೆರಡು ದಾಟಿದರೆ ಅನ್ನ ಮುಟ್ಟುವುದಿಲ್ಲ. ಬುದ್ಧ ವಂದನೆ, ಪಂಚಶೀಲ, ಪ್ರತಿಜ್ಞೆ ಎಲ್ಲ ಮುಗಿದು ಅವರ ಊಟವೂ ಅಷ್ಟರೊಳಗೆ ಆಗಬೇಕು. ಹೆಣ್ಣು ತಡವಾಗಿ ಬಂದು ಭಂತೇಜಿ ಉಪವಾಸ ಹೋದರೆಂದರೆ, ಜಗಳೂರಿನ ಬೀಗರು ಅದನ್ನು ಸಂಘಮಿತ್ರಾಳ ಮೊಮ್ಮಕ್ಕಳ ಮದುವೆಯಲ್ಲೂ ಎತ್ತಿ ಆಡುತ್ತಾರೆ.

ಭೀಮೇಶ ಎಂಜಿನ್ ಆರಿಸುವುದೇ ಇಲ್ಲ ಎಂದು ನಿಶ್ಚಯಿಸಿದ್ದ. ದೊಡ್ಡಪ್ಪ ಸುಮ್ಮನೆ ನಿಂತರೂ ಆರುತ್ತಿದ್ದ, ಆದ್ದರಿಂದ ನಿಲ್ಲುವ ಹಾಗೂ ಇರಲಿಲ್ಲ. ದಾವಣಗೆರೆಯಲ್ಲಿ ಹೊಸ ಕಾರಿನವರು ಇಳಿದು ದೋಸೆ ತಿಂದರು. ನಾವು ಹೋಟೆಲಿನ ಮುಂದಿನ ಬಯಲಿನಲ್ಲಿ ಸುತ್ತುತ್ತಿದ್ದೆವು. ಹೋಟೆಲಿನವನು ಒಂದು ಸುತ್ತಿನಲ್ಲಿ ದೋಸೆ ಕೊಟ್ಟ, ಇನ್ನೊಂದು ಸುತ್ತಿನಲ್ಲಿ ಚಟ್ನಿ. ಟೀ ಕೊಡಲು ಬಂದಾಗ ಎಡಕ್ಕೆ ತಿರುಗಿದ್ದರಿಂದ ಹಾರ್ನು ಕೂಗಿ, ಅವನು ಹೆದರಿ ಲೋಟ ಬಿಟ್ಟ.

ಊರು ದಾಟುವಲ್ಲಿ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಭೀಮೇಶ ವೇಗ ತಗ್ಗಿಸಿದ, ನಿಲ್ಲಿಸಲಿಲ್ಲ. ಅವರು ಪಕ್ಕದಲ್ಲೇ ದಾಪುಗಾಲು ಹಾಕುತ್ತ ಬಂದರು.

"ಯಾಕ್ರೀ ನಿಲ್ಸಲ್ಲ?"

"ನಿಲ್ಸಿದ್ರೆ ನೀವೇ ತಳ್ಳಬೇಕಾಗ್ತೈತೆ ಸಾರ್."

ಅವರು ಹಿಂದೆ ತಿರುಗಿ ಇಲಿಯಾಸನನ್ನು ನೋಡಿದರು. ಮದುವೆಯ ದಿಬ್ಬಣದ ಹಿಂದೆ ಗುಜರಿಗೆ ಕಾದು ಬರುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಲು ಅವನಿಗೆ ಸಂಕೋಚ. "ಸಿನಿಮಾ ಕಾರು ಸಾರ್. ಶೂಟಿಂಗ್ ವ್ಯವಹಾರ," ಅಂದ. ಅವನ ಮಟ್ಟಿಗೆ ಅದು ಸತ್ಯ, ಮೇಷ್ಟ್ರೇ ಹೇಳಿದ್ದು. ಪೊಲೀಸಿನವರು ಟೋಪಿ ಸರಿಮಾಡಿಕೊಂಡು, ಎದುರಿನ ಲಾರಿಗಳನ್ನು ತಡೆದು ನಮಗೆ ದಾರಿ ಬಿಡಿಸಿದರು.

ಬಿಳಿಚೋಡು ದಾಟಿದ ಮೇಲೆ ಹುರುಳಿ ಶುರುವಾಯಿತು. ಜಗಳೂರು ಸೀಮೆಯಲ್ಲಿ ಹುರುಳಿ ಕಿತ್ತ ಮೇಲೆ ಕಣ ಮಾಡುವ ಗೋಜಿಗೆ ಹೆಚ್ಚು ಜನ ಹೋಗುವುದಿಲ್ಲ. ಸರ್ಕಾರವೇ ಡಾಂಬರು ಹಾಕಿ ಉದ್ದನೆಯ ಕಣ ಮಾಡಿಸಿಕೊಟ್ಟಿದೆ. ಗಿಡ ಹರಡಿ ಬದಿಯಲ್ಲಿ ಕೂತರೆ ಬಸ್ಸು ಲಾರಿಗಳು ತುಳಿದು ಒಕ್ಕಿ ಕೊಡುತ್ತವೆ. ಹಾಗೆ ಮಾಡಬಾರದು ಎಂದು ಅಲ್ಲೊಂದು ಬೋರ್ಡೂ ಇದೆ. ಆ ಬೋರ್ಡಿನ ಕಂಬಕ್ಕೆ ಹುರುಳಿ ಕಾಯುವ ನಾಯಿಯನ್ನು ಕಟ್ಟಿದ್ದರು.

ಹೊಸ ಕಾರಿಗೆ ಹುರುಳಿಯ ಪರಿಚಯ ಇರಲಿಲ್ಲ. ಮೊಣಕಾಲೆತ್ತರದ ರಾಶಿಯನ್ನು ನೋಡಿ ಗೋಡೆ ಎಂದುಕೊಂಡು ಗಕ್ಕನೆ ಬ್ರೇಕ್ ಹಾಕಿಕೊಂಡಿತು. ಇಂಗ್ಲಿಷಿನಲ್ಲಿ ಏನೋ ಹೇಳಿತು. ರವಿಕುಮಾರ "ಯೆಸ್" ಅಂದ. ಹಿಂದೆ ಬಂದು ಮತ್ತೆ ನುಗ್ಗಿಸಿದ, ಮತ್ತೆ ನಿಂತಿತು. ಸಿಟ್ಟು ಬಂದು ಯಾವುದೋ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿ ಒಳಗೆ ನುಗ್ಗಿದ. ನೆಲ ಸವರಿಕೊಂಡು ಹೋಗುವ ಕಾರು ರಾಶಿಯ ನಡುವೆ ಕೂತುಬಿಟ್ಟಿತು. ಅವನು ಹೇಗೋ ಕಷ್ಟಪಟ್ಟು ಈಚೆ ಎಳೆದ. ಪರದೆ ತುಂಬ ಕೆಂಪು ದೀಪ. ಅದು ಮತ್ತೆ ಬಾಯಿ ತೆರೆದು, ಬಟ್ಟಬಯಲಿನಲ್ಲಿ ನಿಂತೇ 'ಮುಂದೆ ಅಡ್ಡಿ, ಮುಂದೆ ಅಡ್ಡಿ' ಎಂದು ಬಡಕೊಳ್ಳತೊಡಗಿತು. ಇನ್ನು ಒಂದು ಗೇಣೂ ಮುಂದೆ ಹೋಗಲೊಲ್ಲದು.

ನಾವು ಅಲ್ಲಿಗೆ ಬಂದಾಗ ಸಂಘಮಿತ್ರಾ ಬಿಳಿ ಸೀರೆ ಎತ್ತಿಹಿಡಿದು ಹುರುಳಿ ಸಿಪ್ಪೆಯ ನಡುವೆ ನಿಂತಿದ್ದಳು. ಗಿಡ್ಡಮ್ಮ ನೆತ್ತಿಯತ್ತ ಏರುವ ಸೂರ್ಯನನ್ನು ನೋಡುತ್ತ, "ಭಂತೇಜಿ ಊಟ, ಭಂತೇಜಿ ಊಟ," ಅನ್ನುತ್ತಿದ್ದಳು. ಬಸ್ಸಿಲ್ಲದ ಹೊತ್ತು. ಅವರನ್ನು ಹತ್ತಿಸಿಕೊಳ್ಳಬೇಕೆಂದರೆ ನಿಲ್ಲಿಸಬೇಕು, ನಿಲ್ಲಿಸಿದರೆ ದೊಡ್ಡಪ್ಪ ಆರುತ್ತಾನೆ, ಆರಿದರೆ ಇಲಿಯಾಸನ ಪಾಲು. ಅಂಬಿಕಾ ಗಂಡನ ಮುಖ ನೋಡಿದಳು. ಭೀಮೇಶ ಬ್ರೇಕ್ ಒತ್ತಿದ. ದೊಡ್ಡಪ್ಪ ಒಂದೀಟು ಯೋಚನೆ ಮಾಡಿ ನಿಂತ. ಎರಡು ಸಲ ಕೆಮ್ಮಿ ಆರಿದ.

ಇಲಿಯಾಸ್ ಹಗ್ಗ ಹಿಡಿದು ಇಳಿದು ಬಂದ. ಅವನಿಗೂ ಖುಷಿಯೇನೂ ಇದ್ದಂತಿರಲಿಲ್ಲ. "ಮೇಷ್ಟ್ರೇ, ನಿಂತ್ರಲ್ಲ."

"ಹೂಂ, ನಿಂತ್ರು. ಮೊದ್ಲು ಹುಡುಗಿ ಹತ್ಲಿ. ಜಗಳೂರಿಗೆ ಬಿಟ್ಟ ಮ್ಯಾಲೆ ನೀನು ತಗೊಂಡು ಹೋಗು."

ಭೀಮೇಶನ ಕಣ್ಣು ಒದ್ದೆಯಾಗಿದ್ದವು. ಹುರುಳಿ ಧೂಳು ಅಂದ. ನನಗೂ ಅದೇ ಧೂಳು ಹೊಕ್ಕಿತ್ತು.

ಈಗ ತಳ್ಳಬೇಕಿತ್ತು. ಹುರುಳಿಯ ಮೇಲೆ ತಳ್ಳಲು ನಾನು, ಇಲಿಯಾಸ್, ರವಿಕುಮಾರ ಮೂವರು ಸಾಲುತ್ತಿರಲಿಲ್ಲ. ಬೇವಿನ ಮರದ ಕೆಳಗೆ ಹುರುಳಿಯ ಒಡತಿ ಹುಲಿಗೆಮ್ಮ ತನ್ನ ಮನೆಮಂದಿಯೊಂದಿಗೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಕರೆದರೂ ಅಲ್ಲಾಡಲಿಲ್ಲ.

"ನಮ್ಮ ಕೆಲ್ಸ ಬಿಟ್ಟು ಕಂಡೋರ ಕಾರು ತಳ್ಳಾಕೆ ಬಂದೀವೇನು?"

ಇಲಿಯಾಸ್ ಸಮಾಧಾನವಾಗಿ ಹೇಳಿದ. "ಯವ್ವಾ, ಇದು ಸಿನಿಮಾ ಕಾರು."

ಹುಲಿಗೆಮ್ಮ ಅಗಿಯುವುದನ್ನು ನಿಲ್ಲಿಸಿದಳು. ಬೆಣ್ಣೆ ಬಣ್ಣದ ಹಳೇ ಕಾರನ್ನು ನೋಡಿದಳು. ನಡುರಸ್ತೆಯಲ್ಲಿ ಬಿಳಿ ಸೀರೆಯ ಚೆಂದದ ಹುಡುಗಿಯನ್ನು ನೋಡಿದಳು. "ಹಂಗಾರೆ ಕ್ಯಾಮೆರಾ ಎಲ್ಲೈತೆ?" ಅಂದಳು.

ಅದೇ ಹೊತ್ತಿಗೆ ರವಿಕುಮಾರ ಕಾರಿನ ಕಂಪನಿಯವರಿಗೆ ಫೋನಿನಲ್ಲಿ ಕೂಗುತ್ತಿದ್ದ. "ಎಲ್ಲಾ ಆನ್ ಆಗ್ಯಾವ್ರೀ. ನಾಕು ಕಡೆ ಕ್ಯಾಮೆರಾ ಐತ್ರೀ, ನಾಕೂ ನೋಡಾಕತ್ಯಾವೆ."

ಬೇವಿನ ಮರದ ಕೆಳಗೆ ಭೂಕಂಪವಾಯಿತು. ಗಂಡಸರು ರುಮಾಲು ಬಿಚ್ಚಿ ಹೊಸದಾಗಿ ಸುತ್ತಿದರು. ಹೆಂಗಸರು ಸೆರಗಿನಿಂದ ಮುಖ ಒರೆಸಿದರು. ಒಂದೇ ಬಾಚಣಿಗೆ ಎಲ್ಲರ ತಲೆಯ ಮೇಲೂ ಓಡಾಡಿತು. ಅಷ್ಟು ಜನ ಬಂದು ಹೊಸ ಕಾರಿಗೆ ಮುಖ ಕೊಟ್ಟು ಸಾಲಾಗಿ ನಿಂತರು. ಅದು ನಾಲ್ಕು ದಿಕ್ಕಿನಿಂದಲೂ ಅಡ್ಡಿ ಕಂಡು ಕಿರುಚಿತು. "ಶುರುವಾತು, ಶುರುವಾತು," ಅಂದರು ಎಲ್ಲರೂ.

"ಸುಮ್ನೆ ತಳ್ಳಲ್ಲ," ಅಂದಳು ಹುಲಿಗೆಮ್ಮ. "ನಮ್ಮ ಹುರುಳಿ ಮ್ಯಾಲೆ ಹೋಗಿ ಬಂದು ಮಾಡ್ಬೇಕು. ಹುರುಳೀನೂ ಸಿನಿಮಾದಾಗೆ ಬರ್ಲಿ."

ಸಂಘಮಿತ್ರಾ, ಗಿಡ್ಡಮ್ಮ, ಪುಷ್ಪಾ ಹತ್ತಿದರು. ಕೊಳಗ ಪುಷ್ಪಾಳ ಮಡಿಲಿಗೆ ಬಂತು. ಎಲ್ಲರೂ ಕ್ಯಾಮೆರಾದ ಕಡೆ ನಗುತ್ತ, ಕತ್ತು ತಿರುಗಿಸಿಕೊಂಡೇ ತಳ್ಳಿದರು. ತಾವು ಎಲ್ಲಿಗೆ ತಳ್ಳುತ್ತಿದ್ದೇವೆ ಎಂದು ಒಬ್ಬರೂ ನೋಡಲಿಲ್ಲ. ದೊಡ್ಡಪ್ಪ ರಾಶಿಯ ನಡುವೆ ಒಮ್ಮೆ ಗುಡುಗಿದ, ಹೊಗೆ ಬಿಟ್ಟ, ಹೊರಟ. ಎತ್ತಿನ ಗಾಡಿಯಷ್ಟು ಎತ್ತರದ ಅವನ ಹೊಟ್ಟೆಗೆ ಹುರುಳಿ ತಾಗಲಿಲ್ಲ. ಮುಂದೆ ಏನಿದೆ ಎಂಬುದರ ಪರಿವೆ ಅವನಿಗೆ ಎಂದೂ ಇದ್ದದ್ದಲ್ಲ. ಆ ತುದಿಗೆ ಹೋಗಿ ಈ ತುದಿಗೆ ಬಂದ, ಮತ್ತೆ ಹೋದ. ಪ್ರತಿ ಸಲ ಎಡಕ್ಕೆ ತಿರುಗುವಾಗ ಹಾರ್ನು ಊದಿತು. ಕಾಯಿ ಒಡೆದು ಕಾಳು ಚಟಪಟ ಸಿಡಿದವು. ಹುಲಿಗೆಮ್ಮ ಒಂದು ಹಿಡಿ ಎತ್ತಿ ನೋಡಿ, "ಲಾರಿಗಿಂತ ಚೆಂದ ಒಕ್ಕೈತೆ," ಅಂದಳು.

ಇಲಿಯಾಸ್ ಕಾರಿನ ಪಕ್ಕದಲ್ಲೇ ನಡೆಯುತ್ತ ಗಿಡ್ಡಮ್ಮನಿಗೆ ಮಾತು ನೆನಪಿಸಿದ. "ಯವ್ವಾ, ನಿಂತ ಜಾಗದಾಗೇ ಕೊಡ್ತೀನಿ ಅಂದಿದ್ರು ಮೇಷ್ಟ್ರು."

ಗಿಡ್ಡಮ್ಮ ನಿಧಾನವಾಗಿ ಉರುಳುತ್ತಿದ್ದ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ದೊಡ್ಡಪ್ಪಾರು ಕೆಟ್ಟು ನಿಂತಿಲ್ಲಪ್ಪ ಇಲಿಯಾಸಾ. ನನ್ನ ಮಗಳಿಗೋಸ್ಕರ ನಿಂತ್ರು. ಹಗ್ಗ ಹೆಂಗೂ ತಂದೀಯ, ಅತ್ಲಾಗಿನ ಕಾರಿಗೆ ಕಟ್ಟು."

ಗಿಡ್ಡಮ್ಮ ಆ ಕಾರನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅಂಬಿಕಾ ಮುಖ ಮುಚ್ಚಿಕೊಂಡು ಅತ್ತಳು, ಸಂತೋಷಕ್ಕೆ. ಇಲಿಯಾಸ್ ಹಗ್ಗದ ಒಂದು ತುದಿಯನ್ನು ಹೊಸ ಕಾರಿಗೆ ಕಟ್ಟಿ, ಇನ್ನೊಂದನ್ನು ಉರುಳುತ್ತಿದ್ದ ದೊಡ್ಡಪ್ಪನ ಹಿಂದೆ ಓಡುತ್ತಲೇ ಬಿಗಿದ.

ದೊಡ್ಡಪ್ಪ ಜಗಳೂರಿಗೆ ಬಂದದ್ದು ಹೀಗೆ. ಒಳಗೆ ಮದುಮಗಳು, ಹಿಂದೆ ಹಗ್ಗದ ತುದಿಯಲ್ಲಿ ಹೊಸ ಕಾರು, ಅದರೊಳಗೆ ಒಬ್ಬನೇ ರವಿಕುಮಾರ. ದಾರಿಯುದ್ದಕ್ಕೂ ಹೊಸ ಕಾರು ದೊಡ್ಡಪ್ಪನ ಬೆನ್ನು ನೋಡಿ 'ಮುಂದೆ ಅಡ್ಡಿ' ಎಂದು ಕೂಗುತ್ತಲೇ ಇತ್ತು. ಹುಲಿಗೆಮ್ಮನ ಕಡೆಯವರು ಫೋನು ಮಾಡಿದ್ದರಿಂದ ಊರ ಬಾಗಿಲಲ್ಲೇ ಜನ ಸೇರಿದ್ದರು. ಅಂಗಡಿಯವರು ಗಲ್ಲಾ ಬಿಟ್ಟು ಬಂದರು. ನಿಂತ ಬಸ್ಸುಗಳನ್ನು ಜನರೇ ಹಿಂದಕ್ಕೆ ಸರಿಸಿದರು. ಶಿಳ್ಳೆ, ಚಪ್ಪಾಳೆ, ಹೂವು. ಭೀಮೇಶ ನಿಜ ಹೇಳಲು ಮೂರನೆಯ ಸಲ ಬಾಯಿ ತೆರೆದ. ಯಾರೋ ಮಾಲೆ ಹಾಕಿದರು, ಅದರ ಸೇವಂತಿಗೆ ಬಾಯಿಗೆ ಬಂತು.

ಮದುವೆ ಚೆನ್ನಾಗಿ ನಡೆಯಿತು. ಭಂತೇಜಿ ಹನ್ನೆರಡಕ್ಕೆ ಇನ್ನೂ ಹೊತ್ತಿರುವಾಗಲೇ ಊಟ ಮುಗಿಸಿ, ಮಜ್ಜಿಗೆಯನ್ನೂ ಕುಡಿದು, ಅಂಗಳಕ್ಕೆ ಬಂದು ದೊಡ್ಡಪ್ಪನ ಮುಂದೆ ನಿಂತರು.

"ಇದರ ವಯಸ್ಸೆಷ್ಟು?"

"ಅರವತ್ತರ ಮೇಲೆ ಭಂತೇಜಿ."

"ಎಲ್ಲವೂ ಅನಿತ್ಯ ಅಂತ ಈಗತಾನೇ ಒಳಗೆ ಹೇಳಿ ಬಂದೆ," ಎಂದು ನಕ್ಕರು. "ಇದನ್ನ ಸ್ವಲ್ಪ ಆ ಕಡೆ ನಿಲ್ಲಿಸಿಕೊಳ್ಳಿ."

ರವಿಕುಮಾರ ತನ್ನ ಕಾರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅದಕ್ಕೆ ಖಾಲಿ ಅಂಗಳದಲ್ಲೂ ಅಡ್ಡಿ ಕಾಣುತ್ತಿತ್ತು. ಊಟದ ಎಲೆಗಳಿಗಾಗಿ ಬಂದಿದ್ದ ಒಂದು ಮೇಕೆ ಕಾರಿನ ಹತ್ತಿರ ಹೋಗಿ, ಮೂಸಿ, ಅದರ ಮೂಗಿನ ಸಂದಿಯಿಂದ ಜೋತಾಡುತ್ತಿದ್ದ ಒಂದು ಹುರುಳಿ ಕಡ್ಡಿಯನ್ನು ಎಳೆದು ತಿಂದಿತು. ಕೂಗು ನಿಂತಿತು. ಕೆಂಪು ದೀಪಗಳು ಒಂದೊಂದಾಗಿ ಆರಿ ಹಸಿರಾದವು. ಅಷ್ಟು ಹೊತ್ತು ಅದಕ್ಕೆ ಕಾಣುತ್ತಿದ್ದ ಗೋಡೆ ಅದೇ ಕಡ್ಡಿ. ಮೇಕೆ ಇನ್ನೂ ಏನಾದರೂ ಇದೆಯೇ ಎಂದು ಒಂದು ಸುತ್ತು ಬಂದು ಎಲೆಗಳ ಕಡೆಗೆ ಹೋಯಿತು.

ಸಂಜೆ ಹೊರಡುವ ಹೊತ್ತಿಗೆ ರವಿಕುಮಾರನಿಗೆ ಮತ್ತೆ ಜೀವ ಬಂದಿತ್ತು. ಬಾಗಿಲು ತೆರೆದು, "ಹತ್ರಿ ಅತ್ತೆ, ಸೀಟು ತಣ್ಣಗೆ ಮಾಡೀನಿ," ಅಂದ.

ಗಿಡ್ಡಮ್ಮ ಅಷ್ಟರಲ್ಲಿ ದೊಡ್ಡಪ್ಪನ ಮುಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಾಗಿತ್ತು. ಅರ್ಧ ಜಗಳೂರು ತಳ್ಳಲು ಹಿಂದೆ ನಿಂತಿತ್ತು.

"ನೀವು ಮುಂದೆ ಹೋಗ್ರಿ ರವಿಕುಮಾರಪ್ಪ," ಅಂದಳು. "ದಾರ್ಯಾಗೆ ಇನ್ನೂ ಹುರುಳಿ ಐತೆ. ನಿಂತ್ರೆ ಯೋಚನೆ ಮಾಡಬ್ಯಾಡ್ರಿ, ನಾವು ಹಿಂದಿನಿಂದ ಬಂದು ಎಳ್ಕೊಂಡು ಹೋಗ್ತೀವಿ."

ರವಿಕುಮಾರ ಮುಂದೆ ಹೊರಟ. ಇಲಿಯಾಸ್ ಹಗ್ಗ ಸುತ್ತಿ ಒಳಗಿಟ್ಟುಕೊಂಡು ಸ್ವಲ್ಪ ಹೊತ್ತು ಎರಡೂ ಕಾರುಗಳನ್ನು ನೋಡಿದ. ಬರುವಾಗ ದೊಡ್ಡಪ್ಪನ ಹಿಂದೆ ಬಂದಿದ್ದ ಅವನ ಲಗೇಜ್ ಆಟೋ, ಹೋಗುವಾಗ ಹೊಸ ಕಾರಿನ ಹಿಂದೆ ಹೋಯಿತು.